ಎಂಟನೆಯ ಕುರ್ಚಿ

"ಎಂಟು ಜನ ಬೇಕು ಅಂದಿದ್ದೆ, ಏಳೇ ಜನ ಬಂದಿದ್ದಾರೆ ಮೇಡಂ!" ನಂದೀಶ್ ಫೋನಿನಲ್ಲಿ ಗೋಗರೆದ. "ಹನ್ನೊಂದಕ್ಕೆ ಇನ್‌ಸ್ಪೆಕ್ಷನ್!"

"ಇನ್ನೊಬ್ರು ದಾರೀಲಿದ್ದಾರೆ ಸಾರ್. ಸಿಲ್ಕ್ ಬೋರ್ಡ್ ಟ್ರಾಫಿಕ್ ನಿಮಗೆ ಗೊತ್ತಲ್ಲ," ಎಂದಳು ಬೊಮ್ಮಸಂದ್ರದ ಲೇಬರ್ ಏಜೆನ್ಸಿಯ ಮಾಲಾ. ಕಾರ್ಖಾನೆಗಳಿಗೆ ದಿನದ ಲೆಕ್ಕದಲ್ಲಿ ಜನ ಕಳಿಸುವುದು ಅವಳ ಕಸುಬು. ವಿಮಾನ ಕಂಪನಿಗೆ ಕಳಿಸಿದ್ದು ಇದೇ ಮೊದಲು. "ಎಲ್ರಿಗೂ ಹೇಳಿದ್ದೀನಿ. ನೀಟಾಗಿ ಡ್ರೆಸ್ ಮಾಡ್ಕೊಳ್ಳಿ, ಬಾಯಿ ಬಿಡಬೇಡಿ ಅಂತ."

ವೈಟ್‌ಫೀಲ್ಡಿನ ಆ ಮೂರನೇ ಮಹಡಿಯಲ್ಲಿ ಗರಿ ಏರ್‌ವೇಸಿನ ನಿಜವಾದ ನೌಕರ ಎಂದರೆ ನಂದೀಶ್ ಒಬ್ಬನೇ. ಉಳಿದ ಎಂಟು ಜನರನ್ನು ಕಂಪನಿ ಹತ್ತು ತಿಂಗಳ ಹಿಂದೆಯೇ ಮನೆಗೆ ಕಳಿಸಿತ್ತು. ಈಗ ಕಂಪನಿಗೆ ಉಳಿದದ್ದು ಎರಡು ವಿಮಾನ, ಒಂದು ಆಸೆ. ಆ ಆಸೆಯ ಹೆಸರು ಕೋಡ್‌ಶೇರ್. ವಿದೇಶಕ್ಕೆ ಟಿಕೆಟ್ ಮಾರುವುದು ಗರಿಯ ಹೆಸರಿನಲ್ಲಿ, ಹಾರುವುದು ಮಾತ್ರ ಬೇರೆ ದೇಶದ ಕಂಪನಿಯ ವಿಮಾನ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಅದಕ್ಕೆ ಸರ್ಕಾರದ ಒಪ್ಪಿಗೆ ಬೇಕು. ಪ್ರಯಾಣಿಕರ ಸಹಾಯ ವಿಭಾಗದಲ್ಲಿ ಎಂಟು ಜನ ಕೆಲಸ ಮಾಡುತ್ತಿದ್ದಾರೆಂದು ಅಧಿಕಾರಿಯೊಬ್ಬರು ಕಣ್ಣಾರೆ ಕಂಡು ಬರೆಯಬೇಕು. ಅರ್ಜಿ ನಾಲ್ಕು ಸಲ ವಾಪಸ್ ಬಂದಿತ್ತು. ಇದು ಐದನೆಯದು. ಇದೂ ಹೋದರೆ ತಿಂಗಳ ಕೊನೆಗೆ ಬೀಗ. ನಂದೀಶನಿಗೆ ಹೆದರಿಕೆಗಿಂತ ಸುಸ್ತೇ ಹೆಚ್ಚಾಗಿತ್ತು.

ಹತ್ತೂವರೆಗೆ ಬಾಗಿಲಲ್ಲಿ ಐವತ್ತೈದರ ಆಸುಪಾಸಿನ ಒಬ್ಬರು ಕಾಣಿಸಿಕೊಂಡರು. ಬೆವರಿಗೆ ಬೆನ್ನಿಗಂಟಿದ ಅಂಗಿ, ಹೆಗಲಲ್ಲಿ ಹಳೆಯ ಬ್ಯಾಗು, ಬಸ್ಸಿನಲ್ಲಿ ನಿಂತೇ ಬಂದ ಮುಖ.

"ಗರಿ ಏರ್‌ವೇಸ್ ಇದೇ ಏನ್ರಿ? ಜಾಲಹಳ್ಳಿಯಿಂದ ಬರೂದಂದ್ರ ಸಾಕಾತು ನೋಡ್ರಿ."

ವಿಜಯಪುರದ ಕಡೆಯ ಮಾತು. ಆ ಮಾತಾಡುವವರು ಈ ಊರಿಗೆ ಬರುವುದು ಕಟ್ಟಡದ ಕೆಲಸಕ್ಕೋ ಸೆಕ್ಯುರಿಟಿ ಕೆಲಸಕ್ಕೋ ಎಂದು ನಂದೀಶ್ ಎಂದೋ ತೀರ್ಮಾನಿಸಿಬಿಟ್ಟಿದ್ದ. ಅವರ ತೋಳು ಹಿಡಿದು ಒಳಗೆಳೆದುಕೊಂಡ.

"ಇಷ್ಟು ಲೇಟಾ ಅಣ್ಣ? ಆ ಮೂಲೆ ಕುರ್ಚೀಲಿ ಕೂತ್ಕೊಳ್ಳಿ. ಈ ಹೆಡ್‌ಸೆಟ್ ಹಾಕ್ಕೊಂಡು ಕಂಪ್ಯೂಟರ್ ನೋಡ್ತಾ ಇದ್ರೆ ಸಾಕು. ಸಾಹೇಬ್ರು ಏನಾದ್ರೂ ಕೇಳಿದ್ರೆ ನನ್ನ ಕಡೆ ಕೈ ತೋರಿಸಿ."

"ಅಲ್ರಿ, ನಾ ಏನ್ ಹೇಳಾಕತ್ತೀನಿ ಅಂದ್ರ..."

"ಏನೂ ಹೇಳ್ಬೇಡಿ. ಹೇಳೋರು ಇದ್ದಿದ್ರೆ ನಿಮ್ಮನ್ನ ಯಾಕೆ ಕರೆಸ್ತಿದ್ದೆ?"

ಅವರು ಕೂತರು. ಸುತ್ತ ಕೂತಿದ್ದ ಏಳು ಜನರನ್ನು ಒಬ್ಬೊಬ್ಬರಾಗಿ ನೋಡಿದರು. "ಇವರೆಲ್ಲ ಇಲ್ಲೇ ಕೆಲಸ ಮಾಡ್ತಾರೇನ್ರಿ?"

"ಇವತ್ತೊಂದಿನ. ನಿಮ್ಮ ಹಾಗೇನೇ."

"ಮತ್ತ ಖರೇ ಮಂದಿ ಎಲ್ಲಿ ಹೋದ್ರು?"

ಹತ್ತು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಂದೀಶ್ ಅವರ ಮೇಜಿನ ತುದಿಗೆ ಒರಗಿ ನಿಂತ. ಗುರುತಿಲ್ಲದವರ ಮುಂದೆ ಅಳುವುದು ಸುಲಭ.

"ನಾನೇ ಒಬ್ಬೊಬ್ಬರನ್ನ ಕರೆದು ಹೇಳ್ದೆ ಅಣ್ಣ, ನಾಳೆಯಿಂದ ಬರ್ಬೇಡಿ ಅಂತ. ಜ್ಯೋತಿಲಕ್ಷ್ಮಿಗೆ ಆಗ ಏಳು ತಿಂಗಳು ತುಂಬಿತ್ತು. ಪರ್ಮಿಷನ್ ಬಂದ ದಿನಾನೇ ಎಲ್ರನ್ನೂ ವಾಪಸ್ ಕರೀತೀನಿ ಅಂತ ಮಾತು ಕೊಟ್ಟಿದ್ದೀನಿ. ಇವತ್ತಿಗೂ ಫೋನ್ ಮಾಡಿ ಕೇಳ್ತಾರೆ. ಸುಳ್ಳು ಹೇಳಿ ಹೇಳಿ ಸಾಕಾಗಿದೆ. ಇವತ್ತಿನದೇ ಕೊನೇದಾಗ್ಲಿ."

ಅವರು ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡರು. ಹೆಡ್‌ಸೆಟ್ ಹಾಕಿಕೊಂಡರು.

ಹನ್ನೊಂದಕ್ಕೆ ಸರಿಯಾಗಿ ಲಿಫ್ಟಿನ ಬಾಗಿಲು ತೆರೆಯಿತು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಚಿನ್ನದ ಕಟ್ಟಿನ ಕನ್ನಡಕ, ಬೆರಳಲ್ಲಿ ಕಾರಿನ ಕೀ. ನಂದೀಶ್ ಓಡಿಹೋಗಿ ಕೈಮುಗಿದ.

"ಲೇಟಾಯ್ತು," ಎಂದರು ಬಂದವರು ಗತ್ತಿನಿಂದ. "ಎಲ್ಲಿ ಕೂತ್ಕೊಳ್ಳೋದು?"

"ಕ್ಯಾಬಿನ್‌ನಲ್ಲೇ ಕೂತ್ಕೊಳ್ಳಿ ಸಾರ್!"

ಎಸಿ ಹಾಕಿಸಿದ. ಮಸಾಲೆ ದೋಸೆ ತರಿಸಿದ. ಅರ್ಧ ಗಂಟೆ ಕೋಡ್‌ಶೇರಿನ ಮಹಿಮೆ ವಿವರಿಸಿದ. ಸಾಹೇಬರು 'ಹೂಂ' ಎಂದರು, 'ಓಕೆ' ಎಂದರು, ಗಾಜಿನಾಚೆ ಕೂತಿದ್ದ ಎಂಟು ತಲೆಗಳನ್ನು ನೋಡಿ ಗೋಣಾಡಿಸಿದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ದೊಡ್ಡ ಅಧಿಕಾರಿಗಳು ಹೀಗೆಯೇ, ಅರೆಬೆಂದವರೇ ಹಾರಾಡುವುದು ಎಂದುಕೊಂಡ ನಂದೀಶ್, ತಾನೇ ಭರ್ತಿ ಮಾಡಿಟ್ಟಿದ್ದ ತಪಾಸಣೆಯ ನಮೂನೆಯನ್ನು ಮುಂದಿಟ್ಟ.

"ಇಲ್ಲೂ ಸೈನ್ ಹಾಕ್ಬೇಕಾ?" ಎಂದು ಕೇಳಿ, ಓದದೆಯೇ ಸೈನ್ ಹಾಕಿದರು.

ನಂದೀಶನ ಕಣ್ಣು ತುಂಬಿ ಬಂತು. ವರಾಂಡಕ್ಕೆ ಹೋಗಿ ಮೊದಲು ಜ್ಯೋತಿಲಕ್ಷ್ಮಿಗೆ ಫೋನ್ ಮಾಡಿದ. "ಕೆಲಸ ಆಯ್ತು ಕಣಮ್ಮ. ಮಗೂನ ನೋಡ್ಕೊಳ್ಳೋಕೆ ಯಾರನ್ನಾದ್ರೂ ಗೊತ್ತು ಮಾಡ್ಕೋ. ಈ ಸಲ ಸುಳ್ಳಲ್ಲ." ಆ ಕಡೆಯಿಂದ ಅಳು ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಅವನು ನಕ್ಕ.

ವಾಪಸ್ ಬಂದಾಗ, ತನ್ನ ಜನರ ಹಾಜರಿ ಹಾಕಲು ಆಗಷ್ಟೇ ಬಂದಿದ್ದ ಮಾಲಾ ಪಟ್ಟಿ ಹಿಡಿದು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದಳು.

"ಅಯ್ಯೋ ಮುನಿಕೃಷ್ಣಣ್ಣ! ಹಾಲ್‌ನಲ್ಲಿ ಕೂರೋಕೆ ಕಳಿಸಿದ್ರೆ ಇಲ್ಲಿ ದೋಸೆ ತಿಂತಿದ್ದೀರಾ?"

"ಅವ್ರೇ ಕೂರಿಸಿ ತಿನ್ನಿಸಿದ್ರು ಕಣಮ್ಮ. ಇಂಗೆ ಉಪಚಾರ ಮಾಡೋದಾದ್ರೆ ದಿನಾ ಬತ್ತೀನಿ."

ಮಾಲಾ ನಂದೀಶನತ್ತ ತಿರುಗಿದಳು. "ತಪ್ಪು ತಿಳ್ಕೋಬೇಡಿ ಸಾರ್. ಬೊಮ್ಮಸಂದ್ರದಲ್ಲಿ ಇವರದು ಹನ್ನೆರಡು ಮನೆ ಬಾಡಿಗೆಗಿದೆ. ಮನೇಲಿ ಕೂತು ಬೇಜಾರು ಅಂತ ಕೆಲಸಕ್ಕೆ ಬರ್ತಾರೆ. ಇವರೇ ನಿಮ್ಮ ಎಂಟನೆಯವರು."

ನಂದೀಶ್ ಗಾಜಿನಾಚೆ ನೋಡಿದ. ಎಣಿಸಿದ. ಮತ್ತೊಮ್ಮೆ ಎಣಿಸಿದ. ಎಂಟು ಕುರ್ಚಿಯೂ ತುಂಬಿತ್ತು.

"ಮೇಡಂ, ನೀವು ಒಂಬತ್ತು ಜನಾನ ಕಳಿಸಿದ್ರಾ?"

"ಎಂಟೇ ಸಾರ್."

ಮೂಲೆಯಲ್ಲಿದ್ದವರು ಹೆಡ್‌ಸೆಟ್ ತೆಗೆದಿಟ್ಟು, ಬ್ಯಾಗಿನಿಂದ ಸರ್ಕಾರಿ ಮುದ್ರೆಯ ಫೈಲನ್ನು ಹೊರತೆಗೆದು, ಆಯಾಸದಿಂದ ಎದ್ದು ನಿಂತರು.

"ನಾ ಈರಣ್ಣರಿ, ತಪಾಸಣಿಗೆ ಬಂದಾಂವ. ಮುಂಜಾನೆನೇ ಹೇಳಬೇಕಂತಿದ್ದೆ, ನೀವು ಮಾತಾಡಾಕ ಬಿಡಲಿಲ್ಲ."