ತೊಳೆದ ಮಡಕೆ

ಮಡಕೆಯ ಬಾಯಿಗೆ ಮುಚ್ಚಿದ್ದ ಎಲೆಗೆ ಯಂಪೋಕೊ ಕೈಯಿಟ್ಟಾಗ ಸೊಸೆ ರಸ್ಮತಾ ಉಸಿರು ಬಿಗಿಹಿಡಿದಳು. ಮೂರು ದಿನದ ಹಿಂದೆ ಬೇಯಿಸಿಟ್ಟ ನೇರೆ ಎಂಬ ಮರದ ಕಾಳು ಹುದುಗೆದ್ದು, ಸಾರಿಗೆ ರುಚಿ ಕೊಡುವ ಸುಂಬಾಲ ಆಗಿರಬೇಕಿತ್ತು. ಅದಿಲ್ಲದೆ ನಾಳೆ ಮಗುವಿನ ನಾಮಕರಣಕ್ಕೆ ಸಾರಿಲ್ಲ. ಆದರೆ ಒಳಗಿನ ಹುದುಗು ಉಳಿಯಲೆಂದು ಅತ್ತೆಯ ಅತ್ತೆಯ ಕಾಲದಿಂದ ನೀರೇ ಸೋಕಿಸಿಲ್ಲವೆಂದು ಮನೆಯಲ್ಲಿ ಹೇಳುತ್ತಿದ್ದ ಆ ಮಡಕೆಯನ್ನು, ಕಾಳು ತುಂಬುವ ಮೊದಲು, ಯಂಪೋಕೊ ಕಾಯಾ ಊರಿನ ಸಂತೆಗೆ ಹೋಗಿದ್ದಾಗ, ರಸ್ಮತಾ ಕುದಿನೀರು ಸುರಿದು ಉಜ್ಜಿಬಿಟ್ಟಿದ್ದಳು.

ಎಲೆ ಸರಿಯಿತು. ಸುಂಬಾಲದ ಗಾಟು ವಾಸನೆ ಮೂಗಿಗೆ ಬಡಿಯಿತು. ಅತ್ತೆ ಎತ್ತಿದ ಕಾಳಿನಿಂದ ಅಂಟಿನ ಎಳೆ ಉದ್ದಕ್ಕೆ ಜೋತಾಡಿತು; ಕಾಳು ಚೆನ್ನಾಗಿಯೇ ಹುದುಗಿತ್ತು. ರಸ್ಮತಾಳಿಗೆ ತಡೆಯಲಾಗಲಿಲ್ಲ. "ಅತ್ತೆ, ಈ ಮಡಕೆನ ನಾನು ಕುದಿನೀರಲ್ಲಿ ತೊಳೆದುಬಿಟ್ಟಿದ್ದೆ."

"ಗೊತ್ತು ಕಣೆ. ಮಡಕೆ ಮದುಮಗಳ ಹಾಗೆ ಹೊಳೀತಿತ್ತು." ಯಂಪೋಕೊ ನಕ್ಕಳು. "ಇದರೊಳಗಿನ ಜೀವಗಳು ಕುದಿನೀರಿಗೆಲ್ಲ ಸಾಯಲ್ಲ. ಬೀಜದ ಹಾಗೆ ಮುದುಡಿ ಮಲಗ್ತವೆ. ಕಾಳು ಸಿಕ್ಕಿದ್ರೆ ಎದ್ದು ಒಂದು ಎರಡಾಗ್ತವೆ, ಎರಡು ನಾಲ್ಕಾಗ್ತವೆ. ಅದಕ್ಕೆ ಗಂಡನ ಹಂಗೂ ಇಲ್ಲ. ಈ ಮನೆಗೆ ಹೊಸದಾಗಿ ಬಂದಾಗ ನಾನೂ ಇದನ್ನ ತೊಳೆದಿದ್ದೆ."

"ಮೊದಲೇ ಹೇಳೋದಲ್ವಾ? ಮೂರು ದಿನದಿಂದ ಗಂಟಲಲ್ಲಿ ತುತ್ತು ಇಳಿದಿಲ್ಲ ನಂಗೆ!"

"ನಮ್ಮತ್ತೆ ನಂಗೆ ಹೇಳಿದ್ರಾ?" ಯಂಪೋಕೊ ಮೊದಲ ಕಾಳನ್ನು ಸೊಸೆಯ ಬಾಯಿಗಿಟ್ಟಳು. "ನೀನೂ ನಿನ್ನ ಸೊಸೆಗೆ ಹೇಳ್ಬೇಡ."