ಹೆಬ್ಬೆರಳು ಬಿಟ್ಟ ಲೆಕ್ಕ

ಹೊಸ ಸ್ಕೂಟರಿಗೆ ಆರತಿ ಎತ್ತಲು ತಟ್ಟೆ ಹಿಡಿದು ಬಂದ ದೊಡ್ಡಗಂಗಮ್ಮ ನಂಬರ್ ಪ್ಲೇಟ್ ನೋಡಿ ನಿಂತುಬಿಟ್ಟರು. 0521. ಐದು, ಎರಡು, ಒಂದು ಎಂದು ಬೆರಳು ಮಡಿಚಿ ಕೂಡಿದರು. ಎಂಟು ಬಂತು. ಚಕ್ರಗಳ ಕೆಳಗಿಟ್ಟಿದ್ದ ಎರಡು ನಿಂಬೆಹಣ್ಣನ್ನೂ ಬಗ್ಗಿ ಎತ್ತಿಕೊಂಡರು.

"ಎಂಟು ಶನಿದು ಕಣಮ್ಮ. ಈ ಗಾಡಿಗೆ ನಾನು ಆರತಿ ಎತ್ತಲ್ಲ."

ಆರತಿಯಾಗದ ಗಾಡಿ ಗೇಟು ದಾಟುವಂತಿಲ್ಲ ಎಂಬುದು ಆ ಮನೆಯ ಕಾನೂನು. ಗುಬ್ಬಿಯಿಂದ ತುಮಕೂರಿನ ಕಾಲೇಜಿಗೆ ಗಣಿತ ಪಾಠ ಹೇಳಲು ಹೋಗುವ ಸೊಸೆ ಬಿಂದುಶ್ರೀ, ಎರಡು ವರ್ಷ ಬಸ್ಸಿನ ಕಂಬಿಗೆ ಜೋತುಬಿದ್ದು ಸಾಕಾಗಿ ಕೊನೆಗೂ ತಂದ ಸ್ಕೂಟರ್ ಅದು. ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ ಅವಳ ಮುಖ ಅದರೊಳಗೇ ಬಾಡಿತು.

ಗಂಡ ಚೈತನ್ಯ ನೆರವಿಗೆ ಬಂದ. ಬೆಳಗ್ಗೆ ಟೀವಿಯಲ್ಲಿ ಬರುವ ಜ್ಯೋತಿಷಿಯ ದನಿಯನ್ನು ಮೂಗಿನ ಸಮೇತ ಇಳಿಸಿ, ಎಂಟರಿಂದ ಉದ್ಧಾರವಾದವರ ಕಥೆಗಳನ್ನು ಒಂದೊಂದಾಗಿ ಬಿಟ್ಟ. ಅಮ್ಮ ಜಗ್ಗಲಿಲ್ಲ. ಕೊನೆಗೆ ಸ್ವಂತ ದನಿಗೆ ಇಳಿದು ಕೇಳಿದ, "ನೀನು ನನ್ನ ಹೆತ್ತಿದ್ದೂ ಎಂಟನೇ ತಾರೀಕೇ ಅಲ್ವೇನಮ್ಮ?"

"ಅದಕ್ಕೇ ಕಣೋ ಹೇಳ್ತಿರೋದು," ಎಂದರು ದೊಡ್ಡಗಂಗಮ್ಮ.

ಬಿಂದುಶ್ರೀ ಹೆಲ್ಮೆಟ್ ತೆಗೆದಳು. ಅತ್ತೆಯ ಕೈಯಿಂದ ತಟ್ಟೆ ಇಳಿಸಿ, ಅವರ ಎರಡೂ ಹೆಬ್ಬೆರಳನ್ನು ಮೆಲ್ಲಗೆ ಒಳಕ್ಕೆ ಮಡಿಚಿದಳು. ನಮಗೆ ಹತ್ತು ಬೆರಳಿರುವುದಕ್ಕೆ ತಾನೇ ಹತ್ತತ್ತರ ಗುಂಪು ಕಟ್ಟಿ ಎಣಿಸುವುದು, ಹೆಬ್ಬೆರಳು ಬಿಟ್ಟು ಎಣಿಸಿದರೆ ಗುಂಪು ಎಂಟೆಂಟರದ್ದು, ಆಗ ಏಳಾದ ಮೇಲೆ ನೇರವಾಗಿ ಒಂದರ ಪಕ್ಕ ಸೊನ್ನೆ ಎಂದು ತಿಳಿಸಿದಳು.

"ಮತ್ತೆ ಎಂಟು?"

"ಆ ಅಂಕಿನೇ ಇರಲ್ಲ ಅತ್ತೆ."

ರಂಗೋಲಿ ಪುಡಿ ತಂದು ಐನೂರ ಇಪ್ಪತ್ತೊಂದನ್ನು ನೆಲದ ಮೇಲೇ ಒಡೆದಳು. ಎಂಟೆಂಟಲ ಅರವತ್ನಾಲ್ಕು, ಅದರ ಎಂಟರಷ್ಟು ಐನೂರ ಹನ್ನೆರಡು. ಅಂಥ ದೊಡ್ಡ ಗುಂಪು ಒಂದು. ಅರವತ್ನಾಲ್ಕರದ್ದು ಒಂದೂ ಇಲ್ಲ, ಸೊನ್ನೆ. ಎಂಟರದ್ದು ಒಂದು. ಮಿಕ್ಕಿದ್ದು ಒಂದು. ಸ್ಕೂಟರಿನ ಮುಂದೆ ಬೆಳ್ಳಗೆ 1011 ಮೂಡಿತು.

ಮದುವೆ ಮುಯ್ಯಿಯ ಹಾಗೆ ಸಾವಿರದ ಮೇಲೆ ಹನ್ನೊಂದು ಇದ್ದದ್ದು ದೊಡ್ಡಗಂಗಮ್ಮನಿಗೆ ಮೊದಲು ಹಿಡಿಸಿತು. ಆಮೇಲೆ ಕೂಡಿ ನೋಡಿದರು. ಮೂರು. ಮೂರು ಗುರುವಿನದು.

ಅಷ್ಟಕ್ಕೆ ಬಿಡದೆ ಚೈತನ್ಯ ಬಾಯಿ ಹಾಕಿದ. "ಅಮ್ಮ, ಈ ಲೆಕ್ಕದಲ್ಲಿ ಯಾವ ಗಾಡಿ ನಂಬರ್ ಕೂಡಿದ್ರೂ ಎಂಟು ಬರೋದೇ ಇಲ್ಲ."

ಬಿಂದುಶ್ರೀ ಅವನ ಕಾಲು ತುಳಿದಳು. ದೊಡ್ಡಗಂಗಮ್ಮ ಇಬ್ಬರನ್ನೂ ಒಮ್ಮೆ ನೋಡಿದರು. ನಿಂಬೆಹಣ್ಣುಗಳನ್ನು ಮತ್ತೆ ಚಕ್ರಗಳ ಕೆಳಗಿಟ್ಟು ಆರತಿ ಎತ್ತಿದರು. ಹಣ್ಣುಗಳು ಪಚಕ್ಕೆಂದವು.

ಗೇಟಿನ ಹತ್ತಿರ ಬಿಂದುಶ್ರೀ ಗಾಡಿ ನಿಲ್ಲಿಸಿ ತಿರುಗಿದಳು. "ಇವತ್ತು ಕಾಲೇಜಲ್ಲಿ ಮೀಟಿಂಗ್ ಇದೆ ಅತ್ತೆ. ಬರೋದು ರಾತ್ರಿ ಎಂಟಾಗುತ್ತೆ."

"ಎಂಟಾ? ಅದು ಇರೋದೇ ಇಲ್ಲ ಅಂದ್ಯಲ್ಲಮ್ಮ. ಏಳಕ್ಕೇ ಬಂದ್ಬುಡು."

ಹಾಗೆಂದು ಎರಡೂ ಕೈ ಎತ್ತಿ ಹರಸಿದರು. ಹೆಬ್ಬೆರಳು ಎರಡೂ ಮಡಿಚಿಯೇ ಇದ್ದವು.