ನಾಲ್ಕು ಕೈಯ ಸೂರ್ಯೋದಯ

ನಾಟಕದ ಮಧ್ಯಂತರದಲ್ಲಿ ಕಾಫಿ ತರಲು ಹೋದ ಗ್ಲೆನ್ ಶಾಲೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ್ದ ಹಿಮದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಅವನಪ್ಪ ಅವನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಡಾಕ್ಟರ ಮನೆಗೆ ಹೊರಟೇಬಿಟ್ಟ. ಸುದ್ದಿ ರಂಗದ ಪಕ್ಕದ ಸೈಡ್ ವಿಂಗಿಗೆ ಮುಟ್ಟುವಷ್ಟರಲ್ಲಿ ಪರದೆ ಏಳುವ ಗಂಟೆ ಬಾರಿಸಿಯಾಗಿತ್ತು. ರಂಗದ ದೀಪಗಳನ್ನು ಏರಿಸಿ ಇಳಿಸುವ ಡಿಮ್ಮರ್ ಬೋರ್ಡಿನ ಮುಂದೆ ಅರ್ಡಿಸ್ ಒಬ್ಬಳೇ ಉಳಿದಳು.

ಕಪ್ಪು ಕಬ್ಬಿಣದ ಬೀರುವಿನಂಥ ಬೋರ್ಡು ಅದು, ಅವಳಪ್ಪ ಇದೇ ಶಾಲೆಯಲ್ಲಿ ಓದುತ್ತಿದ್ದಾಗ ಬಂದದ್ದು. ನೆಬ್ರಾಸ್ಕಾದ ಆ ಪುಟ್ಟ ಊರಲ್ಲಿ ಅದನ್ನು ಬದಲಿಸುವ ಮಾತನ್ನು ಯಾರೂ ಎತ್ತಿರಲಿಲ್ಲ. ಒಂದೊಂದು ದೀಪಸಾಲಿಗೆ ಒಂದೊಂದು ಉದ್ದನೆಯ ಹಿಡಿಕೆ. ಮೇಲಕ್ಕೆ ತಳ್ಳಿದರೆ ಬೆಳಕು, ಕೆಳಕ್ಕೆ ಎಳೆದರೆ ಕತ್ತಲೆ. ಜ್ವರದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿಯೆಲ್ಲ ಕೂತ ರೈತನ ಹೆಂಡತಿಯ ಕಥೆ ಅವತ್ತಿನ ನಾಟಕ. ಕೊನೆಯಲ್ಲಿ ಮಾತೇ ಇಲ್ಲ, ಬರೀ ಬೆಳಗಾಗಬೇಕು. ನೀಲಿ ಇಳಿಯಬೇಕು, ಕೆಂಪು ಏರಬೇಕು, ಅದರ ಬೆನ್ನಿಗೇ ಹಳದಿ, ಆಮೇಲೆ ಚೂರು ಬಿಳಿ. ನಾಲ್ಕು ಹಿಡಿಕೆ, ನಾಲ್ಕು ವೇಗ. ಹಿಂದಿನ ದಿನದ ಆಟದಲ್ಲಿ ಅವಳೂ ಗ್ಲೆನ್ನೂ ಸೇರಿಯೇ ಎಳೆದಿದ್ದರೂ ಸೂರ್ಯ ಕುಂಟುತ್ತಾ ಹುಟ್ಟಿದ್ದ. ಜನ ಗೊಳ್ಳೆಂದು ನಕ್ಕಿದ್ದರು. ಅರ್ಡಿಸ್ ಮನೆಗೆ ಹೋಗಿ ಊಟ ಮಾಡದೆ ಮಲಗಿದ್ದಳು.

ಈಗ ಸುತ್ತ ನೋಡಿದಳು. ಹುಡುಗರೆಲ್ಲ ವೇಷದಲ್ಲಿದ್ದರು. ನಾಟಕದ ಟೀಚರು ಮಿಸ್ ಫೆನ್ಸ್ಕಿ ಕೆಳಗೆ ಪಿಯಾನೋ ಮುಂದೆ ಕೂತಿದ್ದರು. ವಿಂಗಿನಲ್ಲಿ ಇದ್ದದ್ದು ಕುಸ್ತಿ ಕಲಿಸುವ ವೊಟಾವಾ ಕೋಚ್ ಮಾತ್ರ. ರಂಗದ ಮೇಲೆ ಹಸಿರು ಬಟ್ಟೆ ಹೊದ್ದು ಗುಡ್ಡವಾಗಿ ಕೂತಿದ್ದದ್ದು ಅವರ ಕುಸ್ತಿಯ ಹಾಸುಗಳು. ಯಾರಾದರೂ ಬೂಟು ಹಾಕಿಕೊಂಡು ಹತ್ತಿಬಿಟ್ಟಾರೆಂದು ಅವರು ಎದೆಯ ಮೇಲೆ ಕೈಕಟ್ಟಿ ಕಾವಲು ನಿಂತಿದ್ದರು.

"ಕೋಚ್, ಈ ಎರಡು ಹಿಡಿಕೆ ಹಿಡ್ಕೊಳ್ಳಿ. ಹಳದಿ, ಬಿಳಿ."

"ನಾನು ನನ್ನ ಹಾಸು ಕಾಯೋಕೆ ಬಂದಿರೋದಮ್ಮ. ಈ ನಾಟಕ ಗೀಟಕ ಎಲ್ಲ ನಂಗೆ ತಿಳಿಯಲ್ಲ."

"ಹಾಸು ಎಲ್ಲೂ ಓಡಿಹೋಗಲ್ಲ. ಸೂರ್ಯ ಹುಟ್ಟದೇ ಹೋದ್ರೆ ಇಡೀ ಊರು ಕತ್ತಲಲ್ಲಿ ಕೂತಿರತ್ತೆ. ನಿಮ್ಮ ಮನೆಯವರೂ ಅಲ್ಲೇ ಕೂತಿದಾರೆ."

ಕೋಚ್ ಗೊಣಗುತ್ತಾ ಬಂದು ಹಿಡಿಕೆಗಳನ್ನು ಹಿಡಿದರು. ಹಿಡಿದ ರಭಸಕ್ಕೆ ಬೋರ್ಡೇ ಗಡಗಡ ಅಂದಿತು.

"ಅಯ್ಯೋ, ಅದರ ಕತ್ತು ಹಿಸುಕ್ಬೇಡಿ! ಪಿಯಾನೋ ಶುರುವಾದಾಗ ತಳ್ಳೋಕೆ ಶುರು ಮಾಡಿ, ಮುಗಿಯೋವಾಗ ನಿಲ್ಲಿಸಿ. ಬಿಳಿ ಅರ್ಧಕ್ಕೇ ಸಾಕು."

"ಅಷ್ಟು ಹೊತ್ತಾ? ಅಷ್ಟರಲ್ಲಿ ನಾನು ಒಬ್ಬನ್ನ ಎತ್ತಿ ಒಗೆದು ಮನೆಗೆ ಹೋಗಿರ್ತೀನಿ."

ಅರ್ಡಿಸ್‌ಗೆ ಅಳು ಬರುವಂತಾಯಿತು. ಆಮೇಲೆ ಏನೋ ಹೊಳೆಯಿತು. "ಕೋಚ್, ನಿಮ್ಮನೇಲಿ ಹಸು ಇತ್ತಲ್ವಾ? ಕರು ಸಿಕ್ಕಿಕೊಂಡಾಗ ಕಾಲು ಹಿಡಿದು ಎಳೀತೀವಲ್ಲ, ಹಂಗೆ. ಹಸು ತಿಣುಕಿದಾಗ ನಾವೂ ಎಳೀಬೇಕು, ಅದು ನಿಂತ್ರೆ ನಾವೂ ನಿಲ್ಲಬೇಕು."

ವೊಟಾವಾ ಅವಳ ಮುಖ ನೋಡಿದರು. ಭುಜ ಇಳಿಯಿತು, ಬೆರಳು ಸಡಿಲವಾಯಿತು. "ಅದನ್ನ ಮೊದಲೇ ಹೇಳೋದಲ್ವಾ!"

ಕೊನೆಯ ದೃಶ್ಯಕ್ಕೆ ಪಿಯಾನೋ ಮೆಲ್ಲಗೆ ಶುರುವಾಯಿತು. ಅರ್ಡಿಸ್ ಒಂದು ಕೈಯಲ್ಲಿ ನೀಲಿಯನ್ನು ಇಳಿಸುತ್ತಾ ಇನ್ನೊಂದರಲ್ಲಿ ಕೆಂಪನ್ನು ಏರಿಸಿದಳು. ಹಳೆಯ ಕಬ್ಬಿಣ ಬಿಸಿಯಾಗಿ ಸುಟ್ಟ ಧೂಳಿನ ವಾಸನೆ ಬಂತು. ಪಕ್ಕದಲ್ಲಿ ಕೋಚ್ ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಳ್ಳುತ್ತಿದ್ದರು. ನಡುವೆ ಹಳದಿ ಒಂದು ಕಡೆ ಕಚ್ಚಿಕೊಂಡಿತು. ನಿನ್ನೆ ಎಡವಿದ್ದು ಅಲ್ಲೇ. ಕೋಚ್ ಒತ್ತಲಿಲ್ಲ. "ಬಾ ಮರಿ, ಬಾ, ಬಾ" ಎಂದು ಪಿಸುಗುಟ್ಟುತ್ತಾ ಕಾದರು. ಹಿಡಿಕೆ ತಾನಾಗಿ ಜಾರಿದಂತೆ ಮೇಲಕ್ಕೆ ಸರಿಯಿತು.

ರಂಗದ ಮೇಲೆ ತಾಯಿಯ ಪಾತ್ರದ ಹುಡುಗಿಯ ಕೆನ್ನೆಗೆ ಬಣ್ಣ ಏರಿತು, ಆಮೇಲೆ ಅವಳ ತೋಳಿನಲ್ಲಿದ್ದ ಮಗುವಿನ ಹಣೆಗೆ, ಆಮೇಲೆ ಗುಡ್ಡಕ್ಕೆ. ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ. ಮೊದಲ ಸಾಲಿನಲ್ಲಿದ್ದ ಅಜ್ಜಿಯೊಬ್ಬಳು, ಹೊಲದ ಬದುವಿನಲ್ಲಿ ನಿಂತವಳ ಹಾಗೆ, ಕಣ್ಣಿಗೆ ಕೈ ಅಡ್ಡ ಹಿಡಿದದ್ದು ಅರ್ಡಿಸ್‌ಗೆ ವಿಂಗಿನ ಸಂದಿಯಿಂದ ಕಂಡಿತು.

ಚಪ್ಪಾಳೆ ಛಾವಣಿಗೆ ಬಡಿಯಿತು. ಪಾತ್ರಧಾರಿಗಳೆಲ್ಲ ಸಾಲಾಗಿ ನಿಂತು ತಲೆಬಾಗಿದರು. ಅರ್ಡಿಸ್ ಕೆಂಪಿನ ಮೇಲೆ ಕೈಯಿಟ್ಟು, "ಈಗ ಇಳಿಸೋಣ ಕೋಚ್" ಎಂದಳು.

"ಇಳಿಸಲ್ಲ."

"ಪರದೆ ಬೀಳಬೇಕು ಕೋಚ್!"

"ಬೀಳಲಿ, ಆಮೇಲೆ. ಅವರೆಲ್ಲ ಚಪ್ಪಾಳೆ ತಟ್ತಿರೋದು ಇದಕ್ಕೂ ಸೇರಿಸಿ ತಾನೇ? ಹೋಗು, ನೀನೂ ನಿಂತ್ಕೋ."

"ನಾನಾ? ಈ ಬಟ್ಟೇಲಾ? ಕೈಯೆಲ್ಲ ಮಸಿ!"

"ನಡಿ ನಡಿ. ನಿನ್ನ ಹಿಡಿಕೆಗಳನ್ನೂ ನಾನೇ ನೋಡ್ಕೋತೀನಿ."

ಕುಸ್ತಿಪಟುವಿನ ಮೊಣಕೈ ಮೆತ್ತಗೇ ತಗುಲಿತು, ಆದರೂ ಅರ್ಡಿಸ್ ಎರಡು ಹೆಜ್ಜೆ ಮುಗ್ಗರಿಸಿ ನೇರ ರಂಗದ ಮೇಲೆ ಬಂದು ನಿಂತಳು. ಮೂರು ವರ್ಷ ಆ ದೀಪಗಳನ್ನು ಹಿಂದಿನಿಂದಲೇ ಕಂಡವಳು. ಅವು ಹೀಗೆ ಮುಖಕ್ಕೆ ಬೆಚ್ಚಗೆ ತಾಗುತ್ತವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕಣ್ಣು ಕಿರಿದು ಮಾಡಿ, ಎಲ್ಲರ ಜೊತೆ ತಡವಾಗಿ ತಲೆಬಾಗಿದಳು. ಮತ್ತೆ ತಲೆ ಎತ್ತಿದಾಗ ಬೆಳಕು ಇನ್ನೂ ಜಾಸ್ತಿಯಾಗಿತ್ತು. ಗಾಬರಿಯಿಂದ ವಿಂಗಿನ ಕಡೆಗೆ ತಿರುಗಿ, ಸಾಕು ಎಂದು ಕೈಸನ್ನೆ ಮಾಡಿದಳು.

ಕೋಚ್ ಅವಳನ್ನು ನೋಡಲೇ ಇಲ್ಲ. ಬೆವರು ಇಳಿಯುತ್ತಿದ್ದ ಮುಖವನ್ನು ತೋಳಿಗೆ ಒರೆಸಿಕೊಂಡು, ಬಿಳಿಯ ಹಿಡಿಕೆಯನ್ನು ನಿಧಾನವಾಗಿ, ಬಹಳ ನಿಧಾನವಾಗಿ, ನಡುಮಧ್ಯಾಹ್ನದ ಬೆಳಕಿನವರೆಗೂ ತಳ್ಳುತ್ತಾ ಹೋದರು.